ಮರಳಿ ಬಂದ ತೂಕ

ಫ್ರಿಜ್ಜಿನ ಬಾಗಿಲಲ್ಲಿ, ಬೆಣ್ಣೆಯ ಹಿಂದೆ ಬಚ್ಚಿಟ್ಟಿದ್ದ ಇಂಜೆಕ್ಷನ್ ಪೆನ್ನು ಅಲ್ಲಿರಲಿಲ್ಲ.

ಭವ್ಯಶ್ರೀ ಮೊಸರಿನ ಪಾತ್ರೆ ಸರಿಸಿದಳು. ತರಕಾರಿಯ ಡಬ್ಬ ಎಳೆದು ನೋಡಿದಳು. ಹಿತ್ತಲಿನಲ್ಲಿ ಕೂತು ಬಂಗುಡೆ ಮೀನು ಸೀಳುತ್ತಿದ್ದ, ಬಾಗಿ ಎಂಬ ಹೆಸರಿನ ಅತ್ತೆ ತಲೆ ಎತ್ತಲಿಲ್ಲ.

"ಮಾಮಿ, ಇಲ್ಲಿದ್ದ ಇಂಜೆಕ್ಷನ್ ನೋಡಿದ್ರಾ?"

"ಬಿಸಾಡಿದೆ."

"ಎಂತಕ್ಕೆ?"

"ಡಾಕ್ಟರು ನಿಲ್ಲಿಸಿ ಎಷ್ಟು ಸಮಯ ಆಯ್ತು? ಮತ್ತೆ ಅದು ಮನೆಯಲ್ಲಿ ಎಂತಕ್ಕೆ?" ಅತ್ತೆ ಮೀನಿಗೆ ನೀರು ಸುರಿದರು. "ನೀನು ಮೊದಲು ಸರಿಯಾಗಿ ಊಟ ಮಾಡು."

ಊಟ ಮಾಡು! ಭವ್ಯಶ್ರೀಯ ಮೈ ಉರಿಯಿತು.

ಅವಳು ಹಂಪನಕಟ್ಟೆಯ ಸೀರೆ ಅಂಗಡಿಯೊಂದರಲ್ಲಿ ಸೇಲ್ಸಿನವಳು. ಕಾಲೇಜಿನ ದಿನಗಳಿಂದಲೂ ಪಿಸಿಒಡಿ, ಲೆಕ್ಕಕ್ಕೆ ಸಿಗದ ಮುಟ್ಟು, ಅದರ ಬೆನ್ನಿಗೇ ಏರಿದ ತೂಕ. ಮಾಲೀಕ ಮೋಹನದಾಸ್ ಅವಳನ್ನು ಬಹಳ ಕಾಲ ಬಟ್ಟೆ ಮಡಚುವ ಹಿಂದಿನ ಕೋಣೆಯಲ್ಲೇ ಇಟ್ಟಿದ್ದರು. ತೂಕ ಇಳಿಸುವ ಇಂಜೆಕ್ಷನ್ ಶುರುವಾಗಿ ಮೈ ಇಳಿದ ಮೇಲೆ ಕನ್ನಡಿಯ ಮುಂದಕ್ಕೆ ಕರೆದರು. ಗಿರಾಕಿಗಳಿಗೆ ಸೀರೆಯನ್ನು ತನ್ನ ಮೈಮೇಲೆಯೇ ಹೊದ್ದು ತೋರಿಸುವ ಕೆಲಸ. ಮೂವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಅವಳು ಕನ್ನಡಿಯನ್ನು ನೇರವಾಗಿ ನೋಡಿದ್ದಳು.

ಡಾಕ್ಟರು ಔಷಧಿಯನ್ನು ಒಮ್ಮೆಲೇ ನಿಲ್ಲಿಸಿರಲಿಲ್ಲ. ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸುತ್ತಾ ಬಂದು ಕೊನೆಗೆ ನಿಲ್ಲಿಸಿದ್ದರು. "ಹಸಿವು ವಾಪಸ್ ಬರ್ತದೆ, ಹೆದರಬೇಡಿ," ಎಂದಿದ್ದರು. "ಮೊಟ್ಟೆ, ಮೀನು, ಬೇಳೆ ತಿನ್ನಿ. ಡಂಬೆಲ್ ಎತ್ತಿ, ನಡೆಯಿರಿ. ತೂಕ ಏರಲು ಶುರುವಾದರೆ ನಾಚಿಕೆ ಮಾಡದೆ ಬನ್ನಿ."

ಭವ್ಯಶ್ರೀ ಎಲ್ಲವನ್ನೂ ಪಾಲಿಸಿದಳು. ಸಂಜೆ ಬಸ್ಸಿನಿಂದ ಮೊದಲೇ ಕಲ್ಲಾಪಿನಲ್ಲಿ ಇಳಿದು ತೊಕ್ಕೊಟ್ಟಿನ ಮನೆಯವರೆಗೆ ನಡೆದಳು. ಕೆಲವು ತಿಂಗಳು ತೂಕದ ಮುಳ್ಳು ಅಲುಗಲಿಲ್ಲ. ಆಮೇಲೆ ಲಂಗದ ದಾರ ಬಿಗಿಯತೊಡಗಿತು. ಮುಖ ಹಾಗೆಯೇ ಇತ್ತು. ಸೊಂಟ ಮಾತ್ರ ಮಾತು ಕೇಳಲಿಲ್ಲ. ಅನ್ನ ಬಿಟ್ಟಳು. ಮೊಟ್ಟೆ ಕಂಡರೆ ವಾಂತಿ ಬಂತು, ಅದನ್ನೂ ಬಿಟ್ಟಳು. ಆದರೂ ತೂಕ ಏರಿತು. ಡಾಕ್ಟರ ಮುಂದೆ ಸೋತ ಮುಖ ಹೊತ್ತು ನಿಲ್ಲಲು ಮನಸ್ಸಾಗಲಿಲ್ಲ.

ಅದೇ ಹೊತ್ತಿಗೆ ಅತ್ತೆ ಬದಲಾದರು. ಮೊದಲು ತೂಕದ ಯಂತ್ರ ಮಾಯವಾಯಿತು. "ಹಾಳಾಗಿತ್ತು, ಗುಜರಿಯವನಿಗೆ ಕೊಟ್ಟೆ," ಎಂದರು. ಡಂಬೆಲ್‌ಗಳು ಅವರ ಮಂಚದ ಕೆಳಗೆ ಸೇರಿದವು. ಗಂಜಿಗೆ ಕೇಳದೆಯೇ ತುಪ್ಪ ಬಿತ್ತು. ಮಲಗುವ ಮೊದಲು ದೊಡ್ಡ ಲೋಟದಲ್ಲಿ ಹಾಲು ಬಂತು. ಸೊಸೆ ಅದನ್ನು ಬೇಸಿನ್ನಿಗೆ ಚೆಲ್ಲಿದರೆ ಬಾಗಿ ಇನ್ನೊಂದು ಲೋಟ ತಂದು, ಕುಡಿದು ಮುಗಿಸುವ ತನಕ ಎದುರಿಗೇ ನಿಂತರು.

ಈಗ ಪೆನ್ನು. ಅದು ಹಳೆಯದು, ದೊಡ್ಡ ಡೋಸಿನದು. ಒಂದೇ ಒಂದು ಸಲ ಚುಚ್ಚಿಕೊಂಡು ನೋಡುವ ಎಂದು ಅವಳು ನಿಶ್ಚಯಿಸಿದ್ದ ದಿನವೇ ಅದು ಹೋಗಿತ್ತು.

ಗಂಡ ಮುಖೇಶ್ ಬೈಕಂಪಾಡಿಯ ಗೋದಾಮಿನ ಕೆಲಸ ಮುಗಿಸಿ ಬಂದಾಗ ಅವಳು ಅತ್ತೂ ಅತ್ತೂ ಸೋತಿದ್ದಳು.

"ನಿಮ್ಮ ಅಮ್ಮನಿಗೆ ನಾನು ಮತ್ತೆ ಡುಮ್ಮಿ ಆಗಬೇಕು. ನಾನು ಚಂದ ಕಾಣುವುದು ಅವರಿಗೆ ಬೇಡ."

"ಅಮ್ಮ ಹಾಗಲ್ಲ ಮಾರಾಯ್ತಿ." ಮುಖೇಶ್ ತಡೆದು ತಡೆದು ಕೇಳಿದ, "ನೀನು ಅಂಗಡಿಯಲ್ಲಿ ಎಂತಾದರೂ ತಿಂತೀಯಾ? ಬೇಜಾರು ಮಾಡಬೇಡ, ಸತ್ಯ ಹೇಳು."

ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಬೆಳಿಗ್ಗೆ ಒಂದು ಹನಿ ಚಹಾ ಕೂಡ ಕುಡಿಯದೆ ಹೊರಟಳು. ಬಾಗಿ ಬಾಳೆಹಣ್ಣು ಹಿಡಿದುಕೊಂಡು ಗೇಟಿನ ತನಕ ಓಡಿ ಬಂದರು. ಅವಳು ಹಿಂತಿರುಗಿ ನೋಡಲಿಲ್ಲ.

ಮಧ್ಯಾಹ್ನ, ಒಂದು ಮದುವೆ ಮನೆಯವರಿಗೆ ಹಸಿರು ರೇಷ್ಮೆ ಸೀರೆ ಹೊದ್ದು ತೋರಿಸುತ್ತಿದ್ದಾಗ ಕನ್ನಡಿಯೊಳಗಿನ ದೀಪಗಳೆಲ್ಲ ಒಮ್ಮೆಲೇ ಆರಿದಂತಾಯಿತು. ಸೆರಗು ಕೈಯಲ್ಲಿರುವಂತೆಯೇ ಅವಳು ಕುಸಿದಳು.

ಮೋಹನದಾಸರೇ ರಿಕ್ಷಾ ಮಾಡಿಸಿ ಡಾಕ್ಟರ ಬಳಿಗೆ ಕಳಿಸಿದರು. ಮುಖೇಶ್ ಗೋದಾಮಿನಿಂದ ಓಡಿ ಬಂದ. ದಾರಿಯಲ್ಲೇ ಮನೆಗೆ ಫೋನ್ ಮಾಡಿ ವಿಷಯ ತಿಳಿಸಿದ್ದ. "ಡಾಕ್ಟರು ನೋಡಿದ ಕೂಡಲೇ ಫೋನ್ ಮಾಡು," ಎಂದಿದ್ದರು ಬಾಗಿ.

ಡಾಕ್ಟರು ಸಿಟ್ಟಾದರು. "ತೂಕ ಏರಿದರೆ ಬನ್ನಿ ಅಂದಿದ್ದೆ. ಉಪವಾಸ ಮಾಡಿ ಅಂದಿದ್ದೆನಾ?"

ಭವ್ಯಶ್ರೀ ಪೆನ್ನಿನ ವಿಷಯವನ್ನೂ ಹೇಳಿಬಿಟ್ಟಳು.

"ಇಷ್ಟು ಸಮಯ ಬಿಟ್ಟು, ಒಮ್ಮೆಲೇ ಆ ಡೋಸಾ? ಅದನ್ನು ಬಿಸಾಡಿದವರಿಗೆ ಕೈಮುಗಿಯಿರಿ." ಡಾಕ್ಟರು ಅವಳ ನಾಡಿ ಹಿಡಿದರು. "ವಾಂತಿ, ಸಂಕಟ ಅಂತೀರಿ. ತೂಕ ಬೇಗ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲು ಆಗುವುದುಂಟು. ಸ್ಕ್ಯಾನ್ ಮಾಡಿಸುವ."

ಸ್ಕ್ಯಾನಿಂಗ್ ಕೋಣೆಯಲ್ಲಿ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ಲು ಬಿತ್ತು. ಯಂತ್ರ ಪಕ್ಕೆಲುಬಿನ ಕೆಳಗೆ ಆಡಿತು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಕೆಳಕ್ಕೆ ಜಾರಿತು, ಮತ್ತೂ ಕೆಳಕ್ಕೆ, ಅಲ್ಲೇ ನಿಂತಿತು. ಸ್ಕ್ಯಾನ್ ಮಾಡುತ್ತಿದ್ದ ಡಾಕ್ಟರು ಪರದೆಯತ್ತ ಬಾಗಿದರು. ಒಂದು ಅಳತೆ ತೆಗೆದರು, ಮತ್ತೆ ಇನ್ನೊಂದು.

"ಏನಾದರೂ ಕಾಣ್ತಾ ಉಂಟಾ ಡಾಕ್ಟ್ರೇ?" ಭವ್ಯಶ್ರೀ ಕತ್ತು ಎತ್ತಿ ಪರದೆ ನೋಡಲು ಹೋದಳು.

"ಗಂಡನನ್ನು ಒಳಗೆ ಕರೆಯಿರಿ," ಎಂದು ಅವರು ನರ್ಸಿಗೆ ಹೇಳಿದರು.

ಮುಖೇಶ್ ಒಳಗೆ ಹೋದ. ಹೊರಗೆ ಬಂದವನೇ ಕಾರಿಡಾರಿನ ಗೋಡೆಗೆ ಒರಗಿ ಮನೆಗೆ ಫೋನ್ ಹಚ್ಚಿದ. ಮೊದಲ ರಿಂಗಿಗೇ ಬಾಗಿ ಎತ್ತಿದರು. ಅವನ ಬಾಯಿಂದ "ಅಮ್ಮಾ" ಎಂಬುದಷ್ಟೇ ಹೊರಟಿತು. ಮುಂದಿನದಕ್ಕೆ ಅವರು ಕಾಯಲಿಲ್ಲ.

"ಹಿಂದೆ ಎರಡು ಸಲ ನಾನು ಖುಷಿಯಲ್ಲಿ ಊರಿಗೆಲ್ಲ ಹೇಳಿ, ಎರಡೂ ಸಲ ಅವಳ ಹೊಟ್ಟೆಯಲ್ಲಿ ಉಳಿಯಲಿಲ್ಲ, ಅದಕ್ಕೇ ಈ ಸಲ ನಿಮಗೂ ಬಾಯಿ ಬಿಡಲಿಲ್ಲ ಮಗಾ, ಮಗುವಿನ ಎದೆಬಡಿತ ಉಂಟಲ್ಲ?"