ಕೊನೆಯ ಗುಂಡಿ

ಮತಗಟ್ಟೆಯಿಂದ ಹೊರಬಂದ ವಾರಿಜಾ ಶಾಯಿಯ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು, ಯಾರಿಗೆ ಒತ್ತಿದ್ದೆಂದು ಅದೇ ಹೇಳಿಬಿಡುತ್ತದೇನೋ ಎಂಬಂತೆ. ಕೋಪರಿ ಬಡಾವಣೆಯಲ್ಲಿ ತಾವಿರುವ ಕಟ್ಟಡಕ್ಕೆ ನೀರಿನ ಪೈಪು ಹಾಕಿಸಿಕೊಟ್ಟ ವಾರ್ಡಿನ ನಗರಸೇವಕನಿಗೆ ಮನೆಯ ಎರಡೂ ವೋಟು ಎಂದು ಗಂಡ ತಾರಾನಾಥ ಮಾತು ಕೊಟ್ಟಿದ್ದ. ಮತಯಂತ್ರದ ಪಟ್ಟಿಯಲ್ಲಿ ಆ ನಗರಸೇವಕನದೇ ಮೊದಲ ಹೆಸರು. ಅವಳು ಒತ್ತಿದ್ದು ಅಭ್ಯರ್ಥಿಗಳ ಸಾಲಿನ ಕೊನೆಯ ಗುಂಡಿ: ಕೊಡೆಯ ಗುರುತಿನ ನಿವೃತ್ತ ಟೀಚರಿಗೆ. ಪ್ರಚಾರಕ್ಕೆ ಬಂದ ಆಕೆ, ಮೆಟ್ಟಿಲ ಮೇಲೆ ಚೆಲ್ಲಿದ್ದ ಎಲ್ಲ ಪಕ್ಷಗಳ ಕರಪತ್ರಗಳನ್ನು ಹೆಕ್ಕಿಕೊಂಡು ಹೋಗಿದ್ದರು. ಗುಂಡಿ ಬಿಗಿಯಾಗಿತ್ತು. ಎರಡನೆಯ ಸಲ ಹೆಬ್ಬೆರಳಿನಿಂದ ಒತ್ತಿದ ಮೇಲೆಯೇ ‘ಬೀಪ್’ ಎಂದಿತು.

ಮೊದಲೇ ವೋಟು ಹಾಕಿ ಗೇಟಿನ ಬಳಿ ಕಾಯುತ್ತಿದ್ದ ತಾರಾನಾಥ, ಅವಳನ್ನು ನೆರಳಿನ ಬದಿಗೆ ಬಿಟ್ಟು ತಾನು ಬಿಸಿಲಲ್ಲಿ ನಡೆಯತೊಡಗಿದ. ಟೀಚರಿಗೆ ಬೀಳುವುದು ತನ್ನದೊಂದೇ ವೋಟಾದರೆ? ವಾರಿಜಾಳಿಗೆ ತಡೆಯಲಾಗಲಿಲ್ಲ.

“ಆ ಟೀಚರಿಗೆ ಎಷ್ಟು ಬೀಳಬಹುದು?”

“ಬಿಡು ಮಾರಾಯ್ತಿ. ಒಳ್ಳೆಯವರಿಗೆ ಕೈ ಮುಗೀಬೇಕು, ವೋಟು ಹಾಕೂದಲ್ಲ. ನಾಳೆ ನಳ್ಳಿಯಲ್ಲಿ ನೀರು ಬರದಿದ್ರೆ ಅವರು ಕೊಡೆ ಹಿಡೀತಾರಾ?”

ಹಾಗೆಂದು ನಗುತ್ತಲೇ ಅವನು ಹೆಬ್ಬೆರಳನ್ನು ತಿಕ್ಕಿಕೊಳ್ಳುತ್ತಿದ್ದ.

“ಬೆರಳಿಗೆ ಎಂಥ ಆಯ್ತು?”

“ಎಂಥದೂ ಇಲ್ಲ. ಆ ಮಿಶಿನ್ನಿನ ಅಡಿಯ ಗುಂಡಿ ಭಾರೀ ಟೈಟು. ಎರಡೆರಡು ಸಲ ಒತ್ತಬೇಕಾಯ್ತು…” ಎಂದವನು ಅಲ್ಲೇ ನಿಂತುಬಿಟ್ಟ.

ವಾರಿಜಾ ಸೆರಗಿನೊಳಗಿಂದ ಕೈ ಹೊರತೆಗೆದಳು.

“ನನಗೂ,” ಎಂದಳು.