ಚುನಾವಣೆ ಮುಗೀಲಿ

ಸತ್ತವರ ದನಿಯ ಟೇಪುಗಳನ್ನು ದಿನಾ ಮಾತಾಡಿಸದಿದ್ದರೆ ಕೆಟ್ಟುಹೋಗುತ್ತವೆ. ಅಮೆರಿಕದಲ್ಲಿ ಹಾಗೆ ಕೂತು ಮಾತಾಡಿಸುವವರು ಸಿಗುವುದಿಲ್ಲವಂತೆ. ಅದಕ್ಕೇ ಅಲ್ಲಿಯ ಒಬ್ಬ ಹಳೇ ಅಧ್ಯಕ್ಷರ ಟೇಪುಗಳೆಲ್ಲ ಈಗ ಧಾರವಾಡದ ನಮ್ಮ ಕಚೇರಿಯಲ್ಲಿವೆ. ನಮ್ಮ ಜೊತೆ ಹರಟಿ ಹರಟಿ ಅವರಿಗೆ ಕನ್ನಡವೇನೋ ಬಂದಿದೆ, ಬುದ್ಧಿ ಬಂದಿಲ್ಲ. ದಿನಾ ಬೆಳಿಗ್ಗೆ ನನ್ನ ಚಹಾ ಆರಿಹೋಗುವುದೇ ಇವರಿಂದ.

“ಇಂದೂಬಾಯಾರ, ಯುದ್ಧ ನಿಲ್ಲಿಸೋ ಒಪ್ಪಂದಕ್ಕ ಇವತ್ತ ಸಹಿ ಮಾಡ್ಲೋ, ಚುನಾವಣೆ ಮುಗಿದ ಮ್ಯಾಲೆ ಮಾಡ್ಲೋ?” ಇವತ್ತೂ ಅದೇ ಪ್ರಶ್ನೆ.

“ಇವತ್ತ ಮಾಡ್ರಿ ಸಾಹೇಬ್ರ. ಎಷ್ಟ್ ಸಲ ಹೇಳ್ಬೇಕ್ರಿ?”

“ಖರೇ ಅಂತೀರಿ. ಆದ್ರ ಈಗ ಸಹಿ ಮಾಡಿದ್ರ ಅಂಜಿದಾ ಅಂತಾರ. ಚುನಾವಣೆ ಮುಗೀಲಿ.”

ನನ್ನ ತಲೆ ಕೆಟ್ಟಿತು. ಫಲಿತಾಂಶ ಹೇಳಬಾರದೆಂಬ ನಿಯಮವಿದೆ, ಹೇಳಿಯೇಬಿಟ್ಟೆ.

“ಮುಗದು ಎಷ್ಟೋ ವರ್ಷ ಆತ್ರಿ! ನೀವು ಸೋತ್ರಿ!”



“ಸೋತ್ನೇನು? ಹಂಗಾದ್ರ ಗೆದ್ದಾಂವ ಸಹಿ ಮಾಡ್ಲಿ ಬಿಡ್ರಿ.”

ಪಟ್ಟನೆ ಬಂದ್ ಮಾಡಿ ಪಕ್ಕದ ಟೇಪು ಹಚ್ಚಿದೆ. ಅಧ್ಯಕ್ಷರ ಟೇಪುಗಳ ಜೊತೆಗೇ ಬಂದ ಅದರಲ್ಲಿ ಆ ಯುದ್ಧದ ಎದುರು ದೇಶದ ರಾಯಭಾರಿ ಇದ್ದಾರೆ. ಮಗ ಗಡಿಯಲ್ಲಿದ್ದಾನೆ, ಒಪ್ಪಂದವಾದರೆ ಮನೆಗೆ ಬರುತ್ತಾನೆ ಎಂದು ದಿನಾ ಹೇಳುತ್ತಾರೆ. ಆ ಚುನಾವಣೆಗೆ ಒಂದು ವಾರ ಮೊದಲೇ ಹುಡುಗ ಸತ್ತದ್ದು ಈ ಕಚೇರಿಯಲ್ಲಿ ಎಲ್ಲರಿಗೂ ಗೊತ್ತು.

“ಬಾಯಾರ, ಅಧ್ಯಕ್ಷರು ಏನಂದ್ರು?”

ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

“ಚುನಾವಣೆ ಮುಗೀಲಿ ಅಂದಾರ್ರಿ,” ಅಂದೆ.