ಮಡಿಯ ಕೋಣೆ

ಇಂದೂಬಾಯಿ ಮತ್ತೆ ಹಾಲು ಕುಡಿಯುತ್ತಿದ್ದಳು. ಅದೂ ತಾನೇ ಲೋಟ ಹಿಡಿದಲ್ಲ! ಆಯಾ ಭೀಮಬಾಯಿ ಮಂಚದ ಪಕ್ಕ ನಿಂತು ಕುಡಿಸುತ್ತಿದ್ದಳು. ಮೇ ತಿಂಗಳ ಉರಿಬಿಸಿಲಲ್ಲೂ ಆ ಮಹಾರಾಣಿ ಶಾಲಿನೊಳಗಿಂದ ಕೈ ಹೊರಗೆ ತೆಗೆಯುತ್ತಿರಲಿಲ್ಲ.

ಕಿಟಕಿಯ ಹೊರಗೆ ನಿಂತಿದ್ದ ಸೂಗಮ್ಮನ ಹೊಟ್ಟೆಗೆ ಬೆಂಕಿ ಬಿತ್ತು.

ಗುಲ್ಬರ್ಗಾದ ಆ ವೃದ್ಧಾಶ್ರಮಕ್ಕೆ ಇಬ್ಬರೂ ಒಂದೇ ವಾರದಲ್ಲಿ ಬಂದು ಸೇರಿದವರು. ಸೂಗಮ್ಮ ಕಮಲಾಪುರದವಳು, ಗಂಡ ಮಕ್ಕಳಿಲ್ಲದ ಒಂಟಿ ಜೀವ. ಇಂದೂಬಾಯಿ ಗಾಜಿಪುರದ ವೈಷ್ಣವರ ಮನೆಯ ವಿಧವೆ. ಮೊದಲು ಇಬ್ಬರೂ ಒಟ್ಟಿಗೆ ಕೂತು ಹರಟುತ್ತಿದ್ದರು. ಅನ್ನ ಹಳಸಿದೆ, ಬಚ್ಚಲು ನಾರುತ್ತದೆ ಎಂದು ಇಂದೂಬಾಯಿ ಎಲ್ಲದಕ್ಕೂ ಗಟ್ಟಿಯಾಗಿ ತಕರಾರು ತೆಗೆಯುತ್ತಿದ್ದಳು. ಆಮೇಲೆ ಒಂದು ದಿನ ಅವಳಿಗೆ ಹಿತ್ತಲ ಕಡೆಯ ಕೋಣೆ ಸಿಕ್ಕಿತು.

"ಅವರು ಮಡಿ ಮಂದಿ. ಯಾರೂ ಒಳಗ ಹೋಗಬ್ಯಾಡ್ರಿ, ಮುಟ್ಟಬ್ಯಾಡ್ರಿ" ಎಂದ ಮ್ಯಾನೇಜರ್ ದೌಲಪ್ಪ.

ಅಂದಿನಿಂದ ಸೂಗಮ್ಮನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ತನಗೆ ಎಂಟು ಮಂದಿಯ ನಡುವೆ ಒಂದು ಮುರುಕು ಮಂಚ, ಅವಳಿಗೆ ಇಡೀ ಕೋಣೆ! ತಾನು ರೊಟ್ಟಿಗೆ ತಾಟು ಹಿಡಿದು ಪಾಳಿ ನಿಲ್ಲಬೇಕು, ಅವಳಿಗೆ ಮಲಗಿದಲ್ಲೇ ಹಾಲು. ಕುಡಿದು ಕಣ್ಣು ಮುಚ್ಚಿದರೆ ಮರುದಿನ ಹೊತ್ತೇರಿದರೂ ಏಳುವ ಮಾತಿಲ್ಲ.

"ಆಕಿ ಊಟಕ್ಕ ಯಾಕ ಬರಂಗಿಲ್ಲ?" ಎಂದು ಕೇಳಿದರೆ ಭೀಮಬಾಯಿಯದು ಒಂದೇ ಉತ್ತರ: "ಇವತ್ತ ಏಕಾದಶಿ. ಬರೀ ಹಾಲು."

ಸೋಮವಾರ, ಅಮಾವಾಸ್ಯೆ ಬಿಟ್ಟು ಬೇರೆ ತಿಥಿ-ವಾರದ ಗೊಡವೆಗೆ ಹೋಗದ ಸೂಗಮ್ಮ ಹಲ್ಲು ಕಡಿದಳು. ಉಪವಾಸವಂತೆ ಉಪವಾಸ! ಹಾಲು ಹೊಡೆದು ಮಲಗಲು ಒಂದು ನೆವ.

ಕಮಲಾಪುರದಿಂದ ಅಣ್ಣನ ಮಗಳು ಶಾರದಾಬಾಯಿ ಕೆಂಪು ಬಾಳೆಹಣ್ಣು ಹಿಡಿದು ನೋಡಲು ಬಂದಾಗ ಸೂಗಮ್ಮ ಹಣ್ಣು ಮುಟ್ಟಲಿಲ್ಲ, ಸಂಕಟವನ್ನೆಲ್ಲ ತೋಡಿಕೊಂಡಳು.

"ಅತ್ತಿ, ಈಗ ವಯಸ್ಸಾದವರಿಗಂತ ಹೊಸ ಕಾನೂನು ಬಂದದ. ಅನ್ಯಾಯ ಆದ್ರ ಸಾಹೇಬ್ರಿಗಿ ಅರ್ಜಿ ಕೊಡ್ಲಿಕ್ಕಿ ಬರ್ತದ."

"ಹಂಗಾದ್ರ ಈಗೇ ಬರಿ! ಆಕಿಗಿ ಕೊಟ್ಟಿದ್ದೆಲ್ಲ ನನಗೂ ಬೇಕು. ಆ ಕೋಣಿ, ಆ ಹಾಲು, ಎಲ್ಲಾ!"

ಹದಿನೈದು ದಿನಕ್ಕೆ ಅಧಿಕಾರಿ ಜಯತೀರ್ಥ ವಿಚಾರಣೆಗೆ ಬಂದರು. ಅರ್ಜಿ ಕೇಳಿ ದೌಲಪ್ಪ ನಿರಾಳವಾಗಿ ನಕ್ಕ.

"ಹೊಟ್ಟಿಕಿಚ್ಚು ರೀ ಸಾಹೇಬ್ರ. ಮತ್ತೇನಿಲ್ಲ."

ಜಯತೀರ್ಥರೂ ನಕ್ಕು ಕಡತ ಮುಚ್ಚಿದರು. ಸೂಗಮ್ಮನಿಗೆ ರೇಗಿಹೋಯಿತು.

"ಹೌದ್ರಿ, ಹೊಟ್ಟಿಕಿಚ್ಚೇ! ಯಾಕ ಆಗಬಾರದು? ಹೋದ ತಿಂಗಳ ಒಂದರಾಗೇ ಆಕಿಗಿ ಒಂಬತ್ತ ಏಕಾದಶಿ. ನಾ ಎಣಿಸೀನಿ. ಒಂಬತ್ತೂ ಸಲ ಹಾಲು!"

ಅಧಿಕಾರಿಯ ನಗು ನಿಂತಿತು.

"ಎಷ್ಟಂದ್ರಿ?"

"ಒಂಬತ್ತ!"

ಅವರು ಎದ್ದು ಹಿತ್ತಲಿಗೆ ನಡೆದರು. ದೌಲಪ್ಪ ಅಡ್ಡ ಬಂದ. "ಮಡಿ ಅದ ರೀ ಸಾಹೇಬ್ರ, ಮುಟ್ಟಿದ್ರ ಅವರು..."

"ನಮ್ಮ ಮನ್ಯಾಗೂ ಮಡಿ ಅದ. ಏಕಾದಶಿ ತಿಂಗಳಿಗಿ ಎರಡೇ ಬರ್ತಾವ. ಕೀಲಿ ಕೊಡ್ರಿ."

ಬಾಗಿಲು ತೆರೆದದ್ದೇ ಸೂಗಮ್ಮ ಎಲ್ಲರಿಗಿಂತ ಮುಂದೆ ನುಗ್ಗಿದಳು. ಮುಂದೆ ತನ್ನದಾಗಲಿರುವ ಕೋಣೆಯನ್ನು ಕಣ್ತುಂಬ ನೋಡಬೇಕಿತ್ತು. ಜಯತೀರ್ಥರು ಶಾಲು ಸರಿಸಿದರು. ಇಂದೂಬಾಯಿಯ ಎರಡೂ ಕೈಗಳನ್ನು ಹಳೆ ಸೀರೆಯ ತುಂಡಿನಿಂದ ಮಂಚಕ್ಕೆ ಕಟ್ಟಿದ್ದರು.

ಗಂಟು ಬಿಚ್ಚುವಾಗ ಅವಳಿಗೆ ಎಚ್ಚರವಾಯಿತು. ಬಹಳ ಹೊತ್ತು ನೋಡಿ ಸೂಗಮ್ಮನ ಗುರುತು ಹಿಡಿದಳು.

"ಆ ಹಾಲಿನಾಗ ನಿದ್ದಿ ಗುಳಿಗಿ ಹಾಕ್ತಿದ್ರು, ಸೂಗಮ್ಮನವರ. ನೀವು ರೊಟ್ಟಿ ಪಾಳಿಗೆ ನಿಂತದ್ದು ಕಿಟಕ್ಯಾಗಿಂದ ಕಾಣ್ತಿತ್ತು. ನಿಮ್ಮನ್ನ ನೋಡಿ ನಂಗ ಎಷ್ಟು ಹೊಟ್ಟಿಕಿಚ್ಚಾಗ್ತಿತ್ತು ರೀ."